ಟಗರಿನ ಕೊಂಬು

ಹದಿನೈದು ದಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಟಗರಿನ ಕೊಂಬಿನಂತೆ ಬಾಗಿದ ಎರಡು ವಸ್ತುಗಳು ಬಿದ್ದುಕೊಂಡಿದ್ದವು. ಒಂದು ಕಪ್ಪು, ಇನ್ನೊಂದೂ ಕಪ್ಪೇ. ಸಾರಿನ ಪಾತ್ರೆ ಇಡಲು ಜಾಗ ಸಾಲದೆ ನಾನು ದಿನಕ್ಕೆರಡು ಸಲ ಅವನ್ನೆತ್ತಿ ಕುರ್ಚಿಯ ಮೇಲಿಡುವುದು, ಮಗಳು ಬಂದು ಮತ್ತೆ ಮೇಜಿಗೇರಿಸುವುದು ನಡೆದೇ ಇತ್ತು. ಪಕ್ಕದ ಮನೆಯಾಕೆ ಕರಿಬೇವಿಗೆಂದು ಬಂದವರು ಅದನ್ನು ನೋಡಿ, “ಬಟ್ಟೆ ನೇತುಹಾಕೋದಕ್ಕಾ? ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?” ಎಂದು ಕೇಳಿಯೂ ಬಿಟ್ಟರು. ಅದು ಸೈಕಲ್ಲಿನ ಹ್ಯಾಂಡಲ್ ಎಂದಾಗ ಅವರ ಮುಖದಲ್ಲಿ ನನ್ನ ಬಗ್ಗೆ ಒಂದು ಕನಿಕರ ಮೂಡಿದ್ದನ್ನು ನಾನು ಮರೆತಿಲ್ಲ. ಮದುವೆಗೆ ಬಂದ ಮಗಳಿರುವ ಮನೆಯ ಊಟದ ಮೇಜಿನ ಮೇಲೆ ಹುಡುಗರ ಫೋಟೋ ಇರಬೇಕೇ ಹೊರತು ಸೈಕಲ್ ಹ್ಯಾಂಡಲ್ ಏಕಿರಬೇಕು ಹೇಳಿ!

ಸೈಕಲ್ ಎಂದೊಡನೆ ನಮ್ಮ ಕಾಲದ ದಪ್ಪ ಕ್ಯಾರಿಯರಿನ, ಟ್ರಿಣ್ ಟ್ರಿಣ್ ಬೆಲ್ಲಿನ ಸೈಕಲ್ ನೆನೆಸಿಕೊಳ್ಳಬೇಡಿ. ಇದು ರೋಡ್ ಬೈಕಂತೆ. ಹೆಸರಿನಲ್ಲಿ ಬೈಕ್ ಇದ್ದರೂ ತುಳಿಯುವುದು ಕಾಲಿನಿಂದಲೇ. ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ; ಟೈರು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಹ್ಯಾಂಡಲ್ ಮುಂದಕ್ಕೆ ಹೋಗಿ ಕೆಳಕ್ಕೆ ಬಾಗಿ ಮತ್ತೆ ಸವಾರನ ಕಡೆಗೇ ತಿರುಗುತ್ತದೆ. ಮಗಳು ಇದನ್ನು ತನ್ನ ಆಫೀಸಿನ ಗೆಳತಿಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದಾಗ ನಾನು ಮೊದಲು ಕೇಳಿದ ಪ್ರಶ್ನೆ, “ತರಕಾರಿ ಚೀಲ ಎಲ್ಲಿಗೆ ಸಿಕ್ಕಿಸೋದು?” ಎಂದು. ಅವಳು ಉತ್ತರ ಕೊಡಲಿಲ್ಲ.

ನನಗೆ ಸೈಕಲ್ಲಿನ ಮೇಲೆ ಹಗೆಯೇನೂ ಇಲ್ಲ. ಚಾಂಪಿಯನ್ ರೀಫಿನ ಗಣಿ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ಏಳನೇ ಕ್ಲಾಸಿನಲ್ಲಿದ್ದಾಗ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಸೀಟಿನ ಮೇಲೆ ಕೂರಲು ಎತ್ತರ ಸಾಲದೆ, ಬಾರಿನ ಕೆಳಗೆ ಕಾಲು ತೂರಿಸಿ ಕತ್ತರಿ ಕಾಲಿನಲ್ಲಿ ತುಳಿದು ಕಲಿತೆ. ಮೂರನೆಯ ದಿನವೇ ಬಿದ್ದೆ. ಮೊಣಕಾಲು ಕಿತ್ತು ಬಂದಿತ್ತು. ಮನೆಯಲ್ಲಿ ಹೇಳಿದರೆ ಸೈಕಲ್ ನಿಂತು ಹೋಗುತ್ತದೆಂದು ಲಂಗ ಇಳಿಬಿಟ್ಟುಕೊಂಡು ಎಂಟು ದಿನ ಓಡಾಡಿದೆ. ಗಾಯ ಕೀವಾಗಿ ಜ್ವರ ಬಂದಾಗ ಗುಟ್ಟು ರಟ್ಟಾಯಿತು. ಸೈಕಲ್ಲೂ ನಿಂತಿತು. ಆ ಕಲೆ ಈಗಲೂ ಇದೆ.

ಆಮೇಲೆ ಕಾಲ ಎಷ್ಟು ಬದಲಾಯಿತು! ನಮ್ಮ ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಭಾಗವಾಗಿ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಅಕ್ಷರ ಕಲಿಸುವವರು ಸೈಕಲ್ಲನ್ನೂ ಒಂದು ಅಕ್ಷರ ಎಂದೇ ಎಣಿಸಿದರು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಡತೊಡಗಿತು. ಅನುದಾನಿತ ಶಾಲೆಯಲ್ಲಿ ಓದುತ್ತಿದ್ದ ನನ್ನ ಮಗಳಿಗೂ ಒಂದು ಸಿಕ್ಕಿತು. ಅದನ್ನು ಅವಳು ತುಳಿದು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡುವಾಗ ನನ್ನ ಮೊಣಕಾಲಿನ ಕಲೆ ಒಮ್ಮೆ ಚುರುಕ್ಕೆಂದಿದ್ದು ನಿಜ. ಅದು ಹೊಟ್ಟೆಕಿಚ್ಚೋ ಸಂತೋಷವೋ ಇವತ್ತಿಗೂ ನನಗೆ ತಿಳಿಯದು.

ಈಗ ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ನಮ್ಮೂರಿನ ದಿನಚರಿಯೇ ರೈಲಿನದಾಗಿದೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಇನ್ನೂ ಕತ್ತಲಿರುವಾಗಲೇ ಜನ ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಹಿಂತಿರುಗುತ್ತಾರೆ. ಹಿಂದೆ ಭೂಮಿಯೊಳಕ್ಕೆ ಇಳಿದು ಬಿಸಿಲು ಕಾಣದೆ ದುಡಿದವರ ಮಕ್ಕಳು ಈಗ ಭೂಮಿಯ ಮೇಲೆಯೇ ಬಿಸಿಲು ಕಾಣದೆ ದುಡಿಯುತ್ತಾರೆ. ವಾರವೆಲ್ಲ ರೈಲಿನಲ್ಲಿ ನಿಂತೇ ಹೋಗಿಬರುವ ಹುಡುಗಿಗೆ ಭಾನುವಾರದ ಬೆಳಿಗ್ಗೆ ಬೇತಮಂಗಲದ ಕೆರೆಯವರೆಗೋ ಬಂಗಾರಪೇಟೆಯ ಮೇಲೆ ಬೂದಿಕೋಟೆಯವರೆಗೋ ಸೈಕಲ್ ತುಳಿಯುವುದೆಂದರೆ ಜೀವ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಆದರೆ ಅವಳು ಬಿದ್ದಿದ್ದಳು.

ಬಿದ್ದದ್ದು ನನಗೆ ತಿಳಿದದ್ದು ಮೂರು ವಾರದ ಮೇಲೆ. ಬಂಗಾರಪೇಟೆ ರಸ್ತೆಯಲ್ಲಿ ಎದುರಿಗೆ ನಾಯಿ ಬಂದು, ಬ್ರೇಕ್ ಹಿಡಿದು, ಜಲ್ಲಿಯ ಮೇಲೆ ಜಾರಿ ಬಲಕ್ಕೆ ಉರುಳಿದ್ದಳಂತೆ. ಮೊಣಕೈ ತರಚಿತ್ತು, ಉದ್ದ ತೋಳಿನ ಕುರ್ತಾ ಹಾಕಿಕೊಂಡು ನನ್ನೆದುರು ಓಡಾಡಿದ್ದಾಳೆ. ಲಂಗ ಹೋಗಿ ಕುರ್ತಾ ಬಂದಿತ್ತು, ಬುದ್ಧಿ ಅದೇ. ಒಂದು ಭಾನುವಾರ ಹ್ಯಾಂಡಲಿನ ಟೇಪು ಹರಿದಿದೆಯೆಂದು ಬಿಚ್ಚಲು ಕುಳಿತಳು. ಬಲಗಡೆಯ ತಿರುವಿನಲ್ಲಿ, ಬ್ರೇಕಿನ ಹಿಡಿ ಕೂರುವ ಜಾಗದ ಹತ್ತಿರ, ಉಗುರಿನಷ್ಟು ಉದ್ದದ ಬಿಳಿಚಿದ ಗೀರು. ಟೇಪಿನೊಳಗೆ ಗೀರು ಹೇಗೆ ಬಂತು ಎಂದು ನಾನು ಕೇಳಿದ ಮೇಲೆ ಒಂದೊಂದಾಗಿ ಎಲ್ಲ ಹೊರಬಂತು.

ನನಗೆ ಕೋಪ ಬಂದದ್ದು ಬಿದ್ದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವಳು ಬೆಂಗಳೂರಿನ ಸೈಕಲ್ ಅಂಗಡಿಗೆ ಹ್ಯಾಂಡಲ್ ತೋರಿಸಿ ಬಂದಳು. “ಇದು ಕಾರ್ಬನ್. ಬಿದ್ದಿದೆ, ಗೀರಾಗಿದೆ, ಬದಲಾಯಿಸಿಬಿಡಿ,” ಎಂದರಂತೆ. ಹೊಸ ಕಾರ್ಬನ್ ಹ್ಯಾಂಡಲಿನ ಬೆಲೆ ಹೇಳಿ, ಜೊತೆಗೆ ಅದರ ಮೂರನೇ ಒಂದು ಪಾಲಿನ ಬೆಲೆಯ ಅಲ್ಯುಮಿನಿಯಂ ಹ್ಯಾಂಡಲನ್ನೂ ಕೈಗಿಟ್ಟು, “ಮನೆಗೆ ಒಯ್ದು ಹಿಡಿದು ನೋಡಿ, ಬೇಡವಾದರೆ ವಾಪಸ್ ತನ್ನಿ,” ಎಂದು ಕಳಿಸಿದ್ದರು. ಮೇಜಿನ ಮೇಲಿದ್ದ ಕೊಂಬುಗಳೆರಡರ ಕಥೆ ಇದು. ಒಂದು ಬಿದ್ದ ಹಳೆಯ ಕಾರ್ಬನ್, ಇನ್ನೊಂದು ಬೀಳದ ಹೊಸ ಅಲ್ಯುಮಿನಿಯಂ. ಅವಳ ಮನಸ್ಸಿನಲ್ಲಿದ್ದ ಮೂರನೆಯದು, ಹೊಸ ಕಾರ್ಬನ್, ಇನ್ನೂ ಅಂಗಡಿಯಲ್ಲೇ ಇತ್ತು.

ಮಗಳ ವಾದವನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾದೀತು. ಕಾರ್ಬನ್ ಎಂದರೆ ಇದ್ದಿಲಲ್ಲ. ನಾವು ಚಳಿಗಾಲದಲ್ಲಿ ಸ್ವೆಟರ್ ಹೆಣೆಯುತ್ತೇವಲ್ಲ, ಆ ಅಕ್ರಿಲಿಕ್ ಉಣ್ಣೆಯ ಹತ್ತಿರದ ಬಂಧುವಾದ ಎಳೆಯನ್ನು ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಗಾಳಿ ತಾಗದಂತೆ ಕಾಯಿಸಿದರೆ ಉಳಿಯುವುದು ಕಾರ್ಬನ್ ನಾರು. ಅದನ್ನು ಪದರ ಪದರವಾಗಿ ಅಂಟಿನಲ್ಲಿ ಕೂರಿಸಿ ಅಚ್ಚಿನಲ್ಲಿ ಗಟ್ಟಿ ಮಾಡುತ್ತಾರೆ. ಮಣ್ಣಿಗೆ ಹುಲ್ಲು ಬೆರೆಸಿ ಗೋಡೆ ಕಟ್ಟಿದ ನಮ್ಮ ಅಜ್ಜಂದಿರ ಉಪಾಯವೇ. ಎಲ್ಲಿ ಬಲ ಬೇಕೋ ಅಲ್ಲಿ ಹೆಚ್ಚು ನಾರು, ಎಲ್ಲಿ ಬಾಗಬೇಕೋ ಅಲ್ಲಿ ಕಡಿಮೆ. ಹಗುರ. ರಸ್ತೆಯ ಸಣ್ಣ ನಡುಕವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. 2011ರಿಂದ ಹಾರುತ್ತಿರುವ ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧದಷ್ಟು ಇಂಥದೇ ವಸ್ತುವಂತೆ. “ವಿಮಾನಕ್ಕೆ ಆಗುತ್ತೆ, ನನ್ನ ಸೈಕಲ್ಲಿಗೆ ಆಗಲ್ವಾ?” ಎಂದಳು. ಅವಳ ನಿಜವಾದ ಕಷ್ಟ ಬೇರೆ ಇತ್ತು. ಗಂಟೆ ಎರಡು ಗಂಟೆ ತುಳಿದ ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತಿದ್ದವು. ಅಂಗೈಯ ಬುಡದಲ್ಲಿ ಹಾದುಹೋಗುವ ನರ ಒತ್ತಿದರೆ ಹೀಗಾಗುತ್ತದೆ. ಅಲ್ಯುಮಿನಿಯಂ ಹಾಕಿದರೆ ಇನ್ನೂ ನಡುಗಿ ಜೋಮು ಹೆಚ್ಚಾದೀತೆಂದು ಅವಳ ಭಯ.

ಅಲ್ಯುಮಿನಿಯಂ ಪರವಾಗಿ ವಕಾಲತ್ತು ವಹಿಸಿದವಳು ನಾನು. ನಮ್ಮ ಮನೆಯಲ್ಲಿ ಅಲ್ಯುಮಿನಿಯಂ ಡಬರಿಗಳಿಗೆ ಮೂವತ್ತು ವರ್ಷವಾಗಿದೆ. ಬಿದ್ದರೆ ನೆಗ್ಗುತ್ತವೆ, ಒಡೆಯುವುದಿಲ್ಲ. ಉಪ್ಪಿನಕಾಯಿ ಜಾಡಿ ಹಾಗಲ್ಲ; ನೋಡಲು ಏನೂ ಆಗಿಲ್ಲ, ಒಂದು ದಿನ ಎತ್ತುವಾಗ ಬುಡ ಕೈಗೆ ಬರುತ್ತದೆ. ಚಿನ್ನದ ಊರಿನವಳಾದ ನನಗೆ ಇನ್ನೊಂದು ವಿಷಯ ತಿಳಿದು ಖುಷಿಯಾಯಿತು. 1850ರ ದಶಕದಲ್ಲಿ ಈ ಅಲ್ಯುಮಿನಿಯಂ ಚಿನ್ನದಷ್ಟೇ ದುಬಾರಿಯ ಲೋಹವಾಗಿತ್ತಂತೆ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ಇಬ್ಬರು ಯುವಕರು ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ಒಂದೇ ಉಪಾಯ ಕಂಡುಹಿಡಿದ ಮೇಲೆ ಅದು ಬಡವರ ಅಡುಗೆಮನೆಗೆ ಬಂತು. ಶಿವನಸಮುದ್ರದಿಂದ ನಮ್ಮ ಗಣಿಗೆ 1902ರಲ್ಲಿ ವಿದ್ಯುತ್ ಬಂದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಊರು ನಮ್ಮದು. ಕರೆಂಟಿನಿಂದ ಬಾಳು ಬದಲಾದ ಲೋಹವೆಂದರೆ ನಮ್ಮ ನೆಂಟನೇ ಸರಿ.

ಸಾಲದ್ದಕ್ಕೆ ಒಂದು ಅಸ್ತ್ರವನ್ನೂ ಹುಡುಕಿ ತಂದೆ. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನ ಸೈಕಲ್ ಓಟದಲ್ಲಿ ಆಸ್ಟ್ರೇಲಿಯಾದ ಅಲೆಕ್ಸ್ ಪೋರ್ಟರ್ ಅವರ ಹ್ಯಾಂಡಲ್ ಓಟದ ನಡುವೆಯೇ ಮುರಿದು ಅವರು ಮುಖ ಅಡಿಯಾಗಿ ಬಿದ್ದರು. ತಂಡ ಮತ್ತೊಮ್ಮೆ ಓಡಿ ಕೊನೆಗೆ ಕಂಚು ಗೆದ್ದಿತೆನ್ನುವುದು ಬೇರೆ ಮಾತು. ಆ ದೃಶ್ಯವನ್ನು ಮಗಳಿಗೆ ತೋರಿಸಿದೆ. ಅವಳು ತಣ್ಣಗೆ, “ಅಮ್ಮಾ, ಅದು ಕಾರ್ಬನ್ನಿನ ತಪ್ಪಲ್ಲ. ಬೀಳೋ ಭಾರದ ಲೆಕ್ಕಕ್ಕೆ ತಕ್ಕ ಹಾಗೆ ಆ ಭಾಗ ಮಾಡಿಸಿರಲಿಲ್ಲ ಅಂತ ತನಿಖೆಯಲ್ಲಿ ಬಂತು. ಅಲ್ಯುಮಿನಿಯಂ ಕೂಡ ಮುರಿಯುತ್ತೆ,” ಎಂದಳು. ಓದಿ ನೋಡಿದೆ, ಅವಳು ಹೇಳಿದ್ದು ಸರಿ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ಒಂದು ಹೊತ್ತಿನಲ್ಲಿ ತುಂಡಾಗುವಂತೆ ಅಲ್ಯುಮಿನಿಯಂ ಸಹ ದಣಿಯುತ್ತದೆ. ಇಷ್ಟು ಕಡಿಮೆ ಭಾರವಾದರೆ ಎಂದೆಂದಿಗೂ ದಣಿಯದು ಎಂಬ ಭರವಸೆ ಉಕ್ಕಿಗೆ ಇರುವಂತೆ ಅದಕ್ಕಿಲ್ಲ. ಜೊತೆಗೆ ಕೈಯ ಬೆವರು ಟೇಪಿನೊಳಗೆ ಇಳಿದು ವರ್ಷಗಟ್ಟಲೆ ನಿಂತರೆ ಲೋಹವನ್ನು ತಿನ್ನುತ್ತದೆ. ನನ್ನ ಡಬರಿಗಳ ಮೇಲಿನ ಗರ್ವ ಸ್ವಲ್ಪ ಇಳಿಯಿತು.

ವಾದ ನಿಲ್ಲದಾದಾಗ ತಕ್ಕಡಿ ತಂದೆ. ಕೇಕ್ ಮಾಡಲೆಂದು ಕೊಂಡ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ. ಹಳೆಯ ಕಾರ್ಬನ್ 205 ಗ್ರಾಂ, ಅಲ್ಯುಮಿನಿಯಂ 285 ಗ್ರಾಂ. ವ್ಯತ್ಯಾಸ 80 ಗ್ರಾಂ. ಬುಟ್ಟಿಯಿಂದ ಒಂದು ಟೊಮೇಟೊ ತೆಗೆದು ತೂಗಿದೆ, 83 ಗ್ರಾಂ. “ನೋಡು, ಒಂದು ಟೊಮೇಟೊ ಭಾರಕ್ಕೆ ಇಷ್ಟು ಸಾವಿರ!” ಎಂದೆ. ಕೋಲಾರ ಜಿಲ್ಲೆಯವರಿಗೆ ಟೊಮೇಟೊ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಅವಳಿಗೂ ನಗು ಬಂತು. ಎರಡು ದಿನದ ಬಿಗುವು ಅಲ್ಲಿಗೆ ಸಡಿಲವಾಯಿತು.

ನಕ್ಕ ಮೇಲೆ ಬುದ್ಧಿ ಓಡುತ್ತದೆ ನೋಡಿ. ಅವಳು ಅಲ್ಯುಮಿನಿಯಂ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಾಗ ನನಗೆ ಏನೋ ಸರಿಯಿಲ್ಲ ಎನಿಸಿತು. ಕೈಗಳು ಹೊರಕ್ಕೆ ಚಾಚಿ, ಮಣಿಕಟ್ಟು ಸೊಟ್ಟಗಾಗಿತ್ತು. ಬ್ಲೌಸ್ ಹೊಲಿದು ಅಭ್ಯಾಸವಿರುವ ಕಣ್ಣಿಗೆ ಭುಜದ ಅಳತೆ ತಪ್ಪಿದರೆ ಥಟ್ಟನೆ ತಿಳಿಯುತ್ತದೆ. ಹ್ಯಾಂಡಲಿನ ಅಗಲ 42 ಸೆಂಟಿಮೀಟರ್, ಹಳೆಯದರದ್ದೂ ಅಷ್ಟೇ. ಟೇಪು ತಂದು ಅವಳ ಎರಡು ಭುಜದ ಮೂಳೆಯ ತುದಿಯಿಂದ ತುದಿಗೆ ಅಳೆದೆ, ಬರೀ 37. ಅಂಗಡಿಗೆ ಫೋನ್ ಮಾಡಿ ಕೇಳಿದಳು. ಹ್ಯಾಂಡಲುಗಳು 36, 38, 40, 42, 44 ಹೀಗೆ ಬರುತ್ತವೆ, ಭುಜದ ಅಗಲಕ್ಕೆ ಹತ್ತಿರದ್ದನ್ನು ಆರಿಸಬೇಕು ಎಂದರು. ಮೊದಲು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಗಂಡಸರ ಅಳತೆಗೆ ಮಾಡಿದ್ದನ್ನು ನಾವು ನಮ್ಮ ಮೈಯನ್ನು ಎಳೆದು ಹೊಂದಿಸಿಕೊಳ್ಳುವುದು ಸೈಕಲ್ಲಿನಲ್ಲಿ ಮಾತ್ರವೇ? ಅಷ್ಟು ದಿನ ಅವಳ ಬೆರಳು ಜೋಮು ಹಿಡಿದದ್ದರಲ್ಲಿ ಈ ಐದು ಸೆಂಟಿಮೀಟರಿನ ಪಾಲೂ ಇತ್ತು. ಉಳಿದದ್ದಕ್ಕೆ ದಪ್ಪ ಟೇಪು ಸುತ್ತುವುದು, ಟೈರು ಒಂದು ಹಂತ ಅಗಲದ್ದು ಹಾಕಿ ಗಾಳಿ ಸ್ವಲ್ಪ ಕಡಿಮೆ ತುಂಬುವುದು ಮದ್ದು ಎಂದರು. ರಸ್ತೆಯ ಹೊಡೆತವನ್ನು ಮೊದಲು ತಡೆಯುವುದು ಟೈರು. ಅಲ್ಲಿ ಸರಿಮಾಡಿಕೊಂಡರೆ ಹ್ಯಾಂಡಲ್ ಯಾವುದೆಂಬುದು ಅಷ್ಟಾಗಿ ತಿಳಿಯುವುದಿಲ್ಲವಂತೆ.

ಇಷ್ಟಾದರೂ ಅವಳಿಗೆ ಕಾರ್ಬನ್ ಮೇಲಿನ ಮನಸ್ಸು ಹೋಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹಳೆಯದನ್ನೇ ಇಟ್ಟುಕೊಂಡರೆ ಹೇಗೆ ಎಂಬ ಆಸೆ ಒಳಗೊಳಗೇ ಇತ್ತು. “ಬರೀ ಬಣ್ಣ ಹೋಗಿದೆ ಅಷ್ಟೆ. ಬಿದ್ದ ಮೇಲೂ ಎರಡು ಭಾನುವಾರ ತುಳಿದಿದ್ದೀನಿ, ಏನಾಯ್ತು?” ಎನ್ನುತ್ತಿದ್ದಳು. ನಾಣ್ಯದಿಂದ ಕುಟ್ಟಿ ನೋಡಿದಳು. ಒಳಗೆ ಪದರ ಬಿಟ್ಟಿದ್ದರೆ ಸದ್ದು ಮಂಕಾಗುತ್ತದಂತೆ. ನಮಗಿಬ್ಬರಿಗೂ ಎಲ್ಲ ಕಡೆ ಒಂದೇ ಸದ್ದು ಕೇಳಿಸಿತು.

ಆಗ ಮೂಲೆಯ ಕುರ್ಚಿಯಿಂದ ಅಪ್ಪ ಎದ್ದು ಬಂದರು. ಅವರಿಗೀಗ ಎಂಬತ್ತು ದಾಟಿದೆ. 1963ರಲ್ಲಿ ಗಣಿಗೆ ಸೇರಿ, ಮುಚ್ಚುವ ಎರಡು ವರ್ಷ ಮೊದಲು ನಿವೃತ್ತರಾದವರು. ಅವರ ಕೆಲಸ ಹಗ್ಗ ನೋಡುವುದು. ಹಗ್ಗ ಎಂದರೆ ಉಕ್ಕಿನ ತಂತಿಗಳನ್ನು ಹೊಸೆದ, ಕೈಗೆ ಸುತ್ತಲು ಬಾರದಷ್ಟು ದಪ್ಪನೆಯ ಹಗ್ಗ. ಜನರನ್ನು ತುಂಬಿಕೊಂಡ ಪಂಜರ ಅದರಲ್ಲಿ ತೂಗಿಕೊಂಡೇ ಭೂಮಿಯೊಳಕ್ಕೆ ಇಳಿಯುತ್ತಿತ್ತು. ಚಾಂಪಿಯನ್ ರೀಫ್ ಗಣಿಯ ತಳ ಮೂರು ಕಿಲೋಮೀಟರಿಗೂ ಆಳ. ಹಂತ ಹಂತವಾಗಿ ಇಳಿಯಬೇಕು. ಒಂದೊಂದು ಹಂತದಲ್ಲೂ ಒಂದು ಹಗ್ಗವನ್ನೇ ನಂಬಿ ನಿಲ್ಲಬೇಕು. ಆ ಹಗ್ಗವನ್ನು ದಿನವೂ ನೋಡುತ್ತಿದ್ದರು. ಹಗ್ಗ ನಿಧಾನವಾಗಿ ಇಳಿಯುತ್ತಿರುವಾಗ ಅದರ ಸುತ್ತ ಹತ್ತಿಯ ಬಟ್ಟೆ ಹಿಡಿಯುವುದು. ಎಲ್ಲಾದರೂ ಒಂದು ತಂತಿ ಮುರಿದು ಹೊರಚಾಚಿದ್ದರೆ ಕಣ್ಣಿಗೆ ಕಾಣುವ ಮೊದಲೇ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕವಳಾಗಿದ್ದಾಗ ಅಪ್ಪನ ಅಂಗೈಯಲ್ಲಿ ಯಾವಾಗಲೂ ಗ್ರೀಸಿನ ವಾಸನೆ ಇರುತ್ತಿತ್ತು. ಇಡೀ ಪಾಳಿಯ ಗಂಡಸರು ಸಂಜೆ ಮನೆಗೆ ಬರುವುದು ಆ ಅಂಗೈಯ ಮೇಲೆ ನಿಂತಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅಪ್ಪ ಏನೂ ಹೇಳಲಿಲ್ಲ. ಔಷಧಿ ಡಬ್ಬಿಯಿಂದ ಹತ್ತಿ ತೆಗೆದು, ಹರಡಿ, ಕಾರ್ಬನ್ ಹ್ಯಾಂಡಲಿನ ಸುತ್ತ ಹಿಡಿದು ಎಡತುದಿಯಿಂದ ನಿಧಾನವಾಗಿ ಎಳೆಯುತ್ತ ಬಂದರು. ಹತ್ತಿ ಜಾರುತ್ತ ಬಂತು. ಎಡ ತಿರುವು, ನಡುವಿನ ದಪ್ಪ ಭಾಗ, ಬಲ ತಿರುವು. ಗೀರಿನ ಜಾಗ ದಾಟುವಾಗ ಹತ್ತಿ ಒಮ್ಮೆ ಹಿಡಿದುಕೊಂಡಿತು. ಎಳೆದಾಗ ಬಿಟ್ಟಿತು, ಆದರೆ ನಾಲ್ಕಾರು ಎಳೆ ಅಲ್ಲೇ ನಿಂತವು. ಬಿಳಿಯ ಎಳೆಗಳು ಆ ಕಪ್ಪಿನ ಮೇಲೆ ಅಲುಗಾಡುತ್ತಿದ್ದವು. ಆಮೇಲೆ ಓದಿ ತಿಳಿದೆ, ಕಾರ್ಬನ್ ಪರೀಕ್ಷಿಸುವವರೂ ಇದನ್ನೇ ಮಾಡುತ್ತಾರಂತೆ. ಮುರಿದ ನಾರಿನ ತುದಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ.

“ಬಣ್ಣ ಹೋಗಿದ್ರೆ ಹತ್ತಿ ಹಿಡಿಯಲ್ಲ,” ಎಂದರು ಅಪ್ಪ. ಮಗಳ ಮುಖ ಬಿಳಿಚಿಕೊಂಡಿತು. ಅವಳು ಅದನ್ನು ಹಿಡಿದುಕೊಂಡು ಎರಡು ಭಾನುವಾರ ಇಳಿಜಾರು ಇಳಿದಿದ್ದಳು.

“ಹಾಗಾದರೆ ಅಲ್ಯುಮಿನಿಯಂ ಒಳ್ಳೇದಾ ತಾತ?” ಎಂದು ಕೇಳಿದಳು. ನಾನು ಗೆದ್ದೆನೆಂದು ಎದೆಯುಬ್ಬಿಸುವಷ್ಟರಲ್ಲಿ ಅಪ್ಪ, “ಒಳ್ಳೇದು ಕೆಟ್ಟದ್ದು ಅಂತ ಇಲ್ಲ. ನಾವು ಹಗ್ಗ ಒಳ್ಳೇದು ಅಂತ ಯಾವತ್ತೂ ಬರೀತಿರಲಿಲ್ಲ. ಇವತ್ತು ನೋಡಿದೆ, ಇವತ್ತಿಗೆ ಸರಿ ಇದೆ ಅಂತ ಅಷ್ಟೇ. ಕಾಲಕಾಲಕ್ಕೆ ತುದಿ ಕತ್ತರಿಸಿ ಪರೀಕ್ಷೆ ಮಾಡೋರು. ದಿನ ಮುಗೀತು ಅಂದ್ರೆ ಹೊಳೀತಾ ಇದ್ರೂ ಇಳಿಸೋರು. ಹಗ್ಗ ಎಷ್ಟು ದುಬಾರಿ ಗೊತ್ತಾ? ಆದ್ರೆ ಆ ಬೆಲೆ ಹಗ್ಗ ನೋಡೋನ ಕಿವೀಗೆ ಬೀಳಬಾರದು,” ಎಂದರು.

ಆ ಕೊನೆಯ ಮಾತು ನಮ್ಮಿಬ್ಬರಿಗೂ ನಾಟಿತು. ಮಗಳು ಬಿದ್ದ ಹ್ಯಾಂಡಲನ್ನು ಮೂರು ವಾರ ಬಿಚ್ಚಿ ನೋಡದೆ ಇದ್ದದ್ದು ಸೋಮಾರಿತನಕ್ಕಲ್ಲ. ನೋಡಿದರೆ ಹೊಸದು ಕೊಳ್ಳಬೇಕಾಗುತ್ತದೆ ಎಂಬ ಭಯಕ್ಕೆ. ಗೀರು ಕಂಡ ಮೇಲೂ ಬರೀ ಬಣ್ಣ ಎಂದದ್ದು ಅದೇ ಬೆಲೆ. ದುಬಾರಿಯ ವಸ್ತುವಿನ ಬಿರುಕನ್ನು ನಾವು ಬಿರುಕು ಎಂದು ಒಪ್ಪುವುದೇ ಇಲ್ಲ. ಸಾಲ ಮಾಡಿ ಮಾಡಿದ ಮದುವೆಯ ಬಿರುಕನ್ನು ಎಷ್ಟು ಮನೆಗಳಲ್ಲಿ ಬರೀ ಬಣ್ಣ ಹೋಗಿದೆ ಎಂದು ಮುಚ್ಚಿಟ್ಟಿಲ್ಲ! ಅಲ್ಯುಮಿನಿಯಮ್ಮಿಗೂ ಬಿದ್ದ ಮೇಲೆ ಅದೇ ನಿಯಮ: ಜೋರಾಗಿ ಬಿದ್ದರೆ ನೆಗ್ಗದಿದ್ದರೂ ತೆಗೆದುಹಾಕಬೇಕು. ಆದರೆ ಎರಡು ಮೂರು ಸಾವಿರದ್ದನ್ನು ತೆಗೆದುಹಾಕಲು ಮನಸ್ಸು ಬರುತ್ತದೆ. ಹತ್ತು ಸಾವಿರದ್ದಕ್ಕೆ ಮನಸ್ಸು ನೂರು ನೆಪ ಹೇಳುತ್ತದೆ.

ಇನ್ನೊಂದು ಸಣ್ಣ ಕಾರಣವೂ ಇತ್ತು. ಹ್ಯಾಂಡಲನ್ನು ಹಿಡಿದಿಡುವ ಸ್ಕ್ರೂಗಳನ್ನು ಇಷ್ಟೇ ಬಿಗಿಯಬೇಕೆಂಬ ಅಳತೆ ಅದರ ಮೇಲೇ ಬರೆದಿರುತ್ತದೆ. ಸಾಮಾನ್ಯವಾಗಿ ಐದು ನ್ಯೂಟನ್ ಮೀಟರ್ ಆಸುಪಾಸು. ಅದಕ್ಕೆ ಟಾರ್ಕ್ ವ್ರೆಂಚ್ ಎಂಬ ಪಾನೆ ಬೇಕು. ಕಾರ್ಬನ್ನನ್ನು ಅಳತೆ ಮೀರಿ ಬಿಗಿದರೆ ಒಳಗೇ ನಜ್ಜಾಗುತ್ತದೆ. ಜಾರದಿರಲು ಮರಳಿನಂತಹ ಕಣಗಳಿರುವ ಒಂದು ಪೇಸ್ಟನ್ನೂ ಸವರಬೇಕು. ನಮ್ಮೂರಿನ ಸೈಕಲ್ ರಿಪೇರಿಯವರು ಕೈಯಲ್ಲಿ ಒಳ್ಳೆಯ ಕೆಲಸವಿರುವವರು, ಆದರೆ ಕೊನೆಗೆ “ಇರಲಿ ಇನ್ನೊಂದು ಸುತ್ತು” ಎಂದು ಬಿಗಿಯದಿದ್ದರೆ ಅವರಿಗೆ ಸಮಾಧಾನವಿಲ್ಲ. ಆ ಇನ್ನೊಂದು ಸುತ್ತು ಅಲ್ಯುಮಿನಿಯಮ್ಮಿಗೂ ಒಳ್ಳೆಯದಲ್ಲ, ಆದರೆ ಅದು ಸ್ವಲ್ಪ ತಡೆದುಕೊಂಡೀತು. ಬೆಂಗಳೂರಿನಲ್ಲಿ ಅಂಗಡಿಯ ಪಕ್ಕದಲ್ಲೇ ಇರುವವಳಿಗೆ ಕಾರ್ಬನ್ ಸರಿ ಇರಬಹುದು. ರಾಬರ್ಟ್‌ಸನ್‌ಪೇಟೆಯಲ್ಲಿ ಇರುವವಳು ರಾಬರ್ಟ್‌ಸನ್‌ಪೇಟೆಯಲ್ಲಿ ನೋಡಿಕೊಳ್ಳಬಹುದಾದ್ದನ್ನು ತರಬೇಕು. ಮಗಳು ತಾನಾಗಿಯೇ ಹೇಳಿದಳು: ಅಲ್ಯುಮಿನಿಯಂ, ಅಗಲ 38. ಉಳಿದ ದುಡ್ಡಿನಲ್ಲಿ ಅಗಲದ ಟೈರು, ದಪ್ಪ ಟೇಪು, ಮತ್ತು ಆ ಪಾನೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. “ಇನ್ನು ಮೇಲೆ ಬಿದ್ದರೆ ಬಿದ್ದೆ ಅಂತ ಹೇಳಬೇಕು. ಮುಚ್ಚಿಡೋದು ಅಂದ್ರೆ ಏನು?” ಎಂದು ಶುರು ಮಾಡಿದೆ. ಕೈ ಬೀಸಿ ಬೀಸಿ ಹೇಳುತ್ತಿದ್ದೆ. ಅವಳು ನನ್ನ ಎಡ ಮಣಿಕಟ್ಟನ್ನೇ ನೋಡುತ್ತಿದ್ದಳು. “ಅಮ್ಮಾ, ಎರಡು ತಿಂಗಳಿಂದ ನೀನು ಬಳೆ ಒಂದೇ ಕೈಗೆ ಹಾಕ್ತಿದ್ದೀಯ. ಯಾಕೆ?”

ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದೆ. ಕೈಯೂರಿದ್ದೆ. ಮಣಿಕಟ್ಟು ಊದಿಕೊಂಡಿತ್ತು. ಉಳುಕು ಎಂದು ಅರಿಸಿನ ಸುಣ್ಣ ಹಚ್ಚಿ, ಮಗಳು ರೈಲಿನಿಂದ ಬರುವ ಹೊತ್ತಿಗೆ ತೊಳೆದುಕೊಂಡುಬಿಡುತ್ತಿದ್ದೆ. ಅವಳು ರಜೆ ಹಾಕುತ್ತಾಳೆ, ಸಂಬಳ ಹೋಗುತ್ತದೆ, ಎಕ್ಸ್‌ರೇ ಎಂದರೆ ಖರ್ಚು. ನನ್ನ ಲೆಕ್ಕ ಹೀಗೆ ಓಡಿತ್ತು. ಅದೂ ಬೆಲೆಯೇ ಅಲ್ಲವೇ? ತುಂಬಿದ ಕೊಡ ಎತ್ತುವಾಗ ಈಗಲೂ ಚಳುಕು ಹೊಡೆಯುತ್ತಿತ್ತು. ಅಪ್ಪ ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, ಹತ್ತಿಯಿಲ್ಲದೆ, ಹೆಬ್ಬೆರಳಿನಿಂದಲೇ ಮೆಲ್ಲಗೆ ಒತ್ತುತ್ತ ಬಂದರು. ಒಂದು ಕಡೆ ನಾನು “ಹಾ” ಎಂದೆ. ಅವರು ನಿಲ್ಲಿಸಿದರು. ಏನೂ ಹೇಳಲಿಲ್ಲ.

ಮರುದಿನ ಮಗಳು ರಜೆ ಹಾಕಿ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕೂದಲಿನಷ್ಟು ಸೀಳು ಬಿಟ್ಟಿತ್ತಂತೆ, ಸೊಟ್ಟಗೆ ಕೂಡಿಕೊಳ್ಳುತ್ತಿತ್ತು. ಮೊದಲೇ ಬಂದಿದ್ದರೆ ಮೂರು ನಾಲ್ಕು ವಾರದ ಪಟ್ಟಿಯಲ್ಲಿ ಸರಿಹೋಗುತ್ತಿತ್ತು ಎಂದರು ವೈದ್ಯರು. ಈಗ ವ್ಯಾಯಾಮ ಮಾಡಬೇಕು, ಪೂರ್ತಿ ಮೊದಲಿನಂತಾಗುವುದು ಅನುಮಾನ. ಐವತ್ತು ದಾಟಿದ ಹೆಂಗಸರ ಮೂಳೆ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗುತ್ತಿರಬಹುದು, ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಈ ಸಾಲುಗಳನ್ನು ಓದುತ್ತಿರುವವರಲ್ಲಿ ಎಷ್ಟು ಜನ ಎಷ್ಟು ನೋವನ್ನು ಉಳುಕು ಎಂದು ಕರೆದು ಸೆರಗಿನಲ್ಲಿ ಸುತ್ತಿಕೊಂಡಿದ್ದೀರೋ ನನಗೆ ತಿಳಿಯದು. ದಯವಿಟ್ಟು ಒಮ್ಮೆ ತೋರಿಸಿ ಬನ್ನಿ.

ಹೊಸ ಹ್ಯಾಂಡಲ್ ಬಂತು. ಮಗಳೇ ಕೂರಿಸಿದಳು. ಪಾನೆ ಐದರ ಗುರುತಿಗೆ ಬಂದು ಟಕ್ ಎಂದಾಗ ಅಪ್ಪನ ಮುಖದಲ್ಲಿ ಗಣಿ ಮುಚ್ಚಿದ ಮೇಲೆ ನಾನು ಅಪರೂಪಕ್ಕೆ ಕಂಡ ನಗು ಕಂಡಿತು. ಹಳೆಯ ಕಾರ್ಬನ್ ಹ್ಯಾಂಡಲನ್ನು ಹಾಗೇ ಎಸೆದರೆ ಯಾರಾದರೂ ಎತ್ತಿಕೊಂಡು ಹೋಗಿ ಹಾಕಿಕೊಂಡಾರೆಂದು ಅಪ್ಪನೇ ನಿಂತು ಗರಗಸದಿಂದ ಎರಡು ತುಂಡು ಮಾಡಿಸಿದರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ನೀರು ಚಿಮುಕಿಸಿ. ಆ ಧೂಳು ಒಳ್ಳೆಯದಲ್ಲ. ಧೂಳಿನ ವಿಷಯ ಗಣಿಯವರಿಗೆ ಹೇಳಿಕೊಡಬೇಕಿಲ್ಲ. ಗುಜರಿಯವನು ತುಂಡುಗಳನ್ನು ತಿರುಗಿಸಿ ನೋಡಿ, “ಇದು ಕಬ್ಬಿಣಾನೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಬೇಡಮ್ಮಾ,” ಎಂದು ವಾಪಸ್ ಕೊಟ್ಟ. ತೂತು ಬಿದ್ದ ನನ್ನ ಅಲ್ಯುಮಿನಿಯಂ ಡಬರಿಗೆ ಮಾತ್ರ ತೂಕ ಹಾಕಿ ದುಡ್ಡು ಎಣಿಸಿದ.

ಮೊನ್ನೆಯ ಭಾನುವಾರ ಬೆಳಿಗ್ಗೆ ಅವಳು ಬಂಗಾರಪೇಟೆಗೆ ಹೋದಳು. ಸಂಜೆಗೆ ನಾನೂ ನಮ್ಮವರೂ ರೈಲಿನಲ್ಲಿ ಹೋಗಿ ಅಲ್ಲೇ ಸೇರಿಕೊಂಡೆವು. ನೀರಿನಷ್ಟೇ ತಿಳಿಯಾಗಿ ಕಂಡು ಬಾಯಿಗಿಟ್ಟೊಡನೆ ಕಣ್ಣಲ್ಲಿ ನೀರು ತರಿಸುವ ಬಂಗಾರಪೇಟೆಯ ಪಾನಿಪುರಿ ತಿನ್ನುತ್ತ, ಬೆರಳು ಜೋಮು ಹಿಡಿಯಿತೇ ಎಂದು ಕೇಳಿದೆ. ಕಡಿಮೆ, ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮಾ, ಕೋರಮಂಡಲ್ ಹತ್ತಿರ ಒಂದು ಸಲ ಜಾರಿತು. ಬೀಳಲಿಲ್ಲ. ಕಾಲೂರಿದೆ,” ಎಂದಳು.

ನನ್ನ ಎದೆ ಧಸಕ್ಕೆಂದಿತು. ಆದರೂ, “ಸರಿ, ಹೇಳಿದೆಯಲ್ಲ,” ಎಂದು ಅವಳ ತಟ್ಟೆಗೆ ಇನ್ನೊಂದು ಪೂರಿ ಹಾಕಿಸಿದೆ.